ಬಾಟಲಿಯಲ್ಲಿಟ್ಟ ಅಳ್ಳಿನ ಜೋಳ

ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಎಂದು ನಾನು ಕೆಲಸಕ್ಕೆ ಸೇರಿದ ದಿನ ಪ್ರಿನ್ಸಿಪಾಲರು ನನ್ನ ಕೈಗೆ ಸೀಮೆಸುಣ್ಣ ಕೊಡಲಿಲ್ಲ, ದಬ್ಬಣ ಕೊಟ್ಟರು. ಅವರು ಮ್ಯೂಸಿಯಂ ಎಂದು ಕರೆಯುತ್ತಿದ್ದ ಹಿಂದಿನ ಕೋಣೆಯಲ್ಲಿ ಜಿಂಕೆ ಜಾತಿಯ ಒಂದು ಚಿಗರಿ ನಿಂತಿತ್ತು. ಯಾವುದೋ ದೊಡ್ಡ ಮನೆಯವರು ಹಿಂದೆಂದೋ ಹೊಡೆದು, ಒಳಗೆ ಹುಲ್ಲು ತುಂಬಿಸಿ, ಮನೆಯಲ್ಲಿ ಇಡಲು ಜಾಗ ಸಾಲದೆ ಕಾಲೇಜಿಗೆ ದಾನ ಮಾಡಿದ್ದು. ಹೊಟ್ಟೆಯ ಹೊಲಿಗೆ ಬಿಚ್ಚಿ ಹುಲ್ಲು ಹೊರಗೆ ಬಂದಿತ್ತು. "ಕಮಿಟಿ ಯಾವಾಗ ಬರ್ತೈತೋ ಗೊತ್ತಿಲ್ಲ, ಮೊದಲ ಇದನ್ನ ಹೊಲೀರಿ," ಎಂದರು. ಪದವಿ ಪಡೆದು ಬಂದ ನಾನು, ಜವಾನನಿಗೆ ಚಿಗರಿಯ ಕಾಲು ಹಿಡಿಯಲು ಹೇಳಿ, ನೆಲದ ಮೇಲೆ ಕೂತು ಅದರ ಹೊಟ್ಟೆ ಹೊಲಿದೆ. ಮೊದಲ ದಿನವೇ ನನ್ನ ತಲೆ ಕೆಟ್ಟಿತ್ತು.

ಕಮಿಟಿ ಅಂದರೆ ವಿಶ್ವವಿದ್ಯಾಲಯದಿಂದ ಬರಬೇಕಾಗಿದ್ದ ತಪಾಸಣೆಯ ತಂಡ. ಅವರು ನೋಡಿ ಹೂಂ ಅಂದರೆ ಕಾಲೇಜಿಗೆ ವಿಜ್ಞಾನದ ಪದವಿ ತರಗತಿ ಸಿಗುತ್ತಿತ್ತು. ಅವರಿಗೆ ತೋರಿಸಲು ಈ ಭಾಗದ ಗಿಡಮರ, ಪ್ರಾಣಿಪಕ್ಷಿಗಳ ಸಂಗ್ರಹ ಬೇಕಿತ್ತು. ಜೀವವೈವಿಧ್ಯ ಎಂಬ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ, ನಮ್ಮಲ್ಲಿ ಅದಕ್ಕೆ ಸುಮ್ಮನೆ 'ಮ್ಯೂಸಿಯಂ ಕೆಲಸ' ಎನ್ನುತ್ತಿದ್ದರು. ಯಾರಿಗೂ ಬೇಡವಾದ ಕೆಲಸಕ್ಕೆ ಅದು ಇನ್ನೊಂದು ಹೆಸರಾಗಿತ್ತು. ಔಷಧದ ನೀರಿನಲ್ಲಿ ಮುಳುಗಿದ ಎರಡು ಹಾವು, ಒಂದು ಕಣ್ಣು ಉದುರಿದ ಗೂಬೆ, ಹಾಳೆಗೆ ಅಂಟಿಸಿದ ಒಣ ಗಿಡಗಳು, ಮತ್ತು ನಾನು ಹೊಲಿದ ಚಿಗರಿ. ಬೀಗದ ಕೈ ಮಾತ್ರ ಪ್ರಿನ್ಸಿಪಾಲರ ಸೊಂಟದಲ್ಲಿ ಭದ್ರವಾಗಿರುತ್ತಿತ್ತು. ಆ ಒಕ್ಕಣ್ಣಿನ ಗೂಬೆಯನ್ನು ಯಾರು ಕದ್ದೊಯ್ಯುತ್ತಾರೆಂದು ಅವರಿಗೆ ಹೆದರಿಕೆಯಿತ್ತೋ ನಾ ಕಾಣೆ.

ಜೋಳದ ತಳಿಗಳನ್ನು ಕೂಡಿಸೋಣ ಎಂದು ಹೇಳಿದವನು ನಾನೇ. ಹೇಳಬಾರದಿತ್ತು. ದೊಡ್ಡ ಬರ ಬಂದು ಹೋಗಿ ಹೆಚ್ಚು ದಿನ ಆಗಿರಲಿಲ್ಲ. ಬಿತ್ತಲು ಇಟ್ಟ ಕಾಳನ್ನೂ ಜನ ಕುಟ್ಟಿ ತಿಂದಿದ್ದರು. ಮಳೆ ಬಂದ ಮೇಲೆ ಸರಕಾರದವರು ಹೈಬ್ರಿಡ್ ಬೀಜದ ಚೀಲ ಹಂಚಿದರು, ಜನ ಅದನ್ನೇ ಬಿತ್ತಿದರು. ಒಂದೊಂದು ಊರಿಗೆ ಒಂದೊಂದು ಬಗೆಯಿದ್ದ ಜೋಳ, ರೊಟ್ಟಿಗೊಂದು, ಹಸಿ ತೆನೆ ಸುಟ್ಟು ತಿನ್ನುವ ಸೀತನಿಗೊಂದು, ಅಳ್ಳು ಅಂದರೆ ಅರಳು ಹುರಿಯಲು ಇನ್ನೊಂದು, ಎಲ್ಲ ನಮ್ಮ ಕಣ್ಣೆದುರೇ ಹೋಗುತ್ತಿದ್ದವು. ಅವನ್ನೆಲ್ಲ ಬಾಟಲಿಯಲ್ಲಿಟ್ಟು ಊರಿನ ಹೆಸರು ಬರೆದು ಸಾಲಾಗಿ ನಿಲ್ಲಿಸಿದರೆ ಮ್ಯೂಸಿಯಮ್ಮಿಗೂ ಮಾನ ಬರುತ್ತದೆ, ಬೀಜವೂ ಉಳಿಯುತ್ತದೆ ಎಂದುಕೊಂಡೆ. ಪ್ರಿನ್ಸಿಪಾಲರು ತಕ್ಷಣ ಒಪ್ಪಿದರು. "ಬಾಟಲಿ ಸಾಲಾಗಿ ನಿಂತ್ರ ಚೊಲೊ ಕಾಣ್ತಾವ," ಎಂದರು.

ಆ ರಾಶಿಯ ಕಾಲದಲ್ಲಿ ರಜೆ ಸಿಕ್ಕಾಗಲೆಲ್ಲ ಬಾಗೇವಾಡಿ, ಸಿಂದಗಿ, ಇಂಡಿ ಎಂದು ಬಟ್ಟೆಯ ಚೀಲ ಹಿಡಿದು ಬಸ್ಸು ಹತ್ತಿದೆ. ಎಲ್ಲ ಕಡೆ ಒಂದೇ ಕಥೆ. ಊರ ಗೌಡರ ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಡುತ್ತಾರೆ. ಹಳೆಯ ಜೋಳ ಬೇಕು ಎಂದರೆ ಒಳಗೆ ಹೋಗಿ, ಮೊರದಲ್ಲಿ ಕೇರಿ ಹಸನು ಮಾಡಿದ, ಮುತ್ತಿನಂಥ ಕಾಳು ತಂದು ಸುರಿಯುತ್ತಾರೆ. ನೋಡಿದರೆ ಅದೇ ಹೈಬ್ರಿಡ್. "ಇದಲ್ಲರೀ, ನಿಮ್ಮ ಅಜ್ಜ ಬಿತ್ತತಿದ್ದನಲ್ಲ, ಅದು," ಎಂದರೆ ಅವರಿಗೆ ನಾಚಿಕೆ. ಕಾಲೇಜಿನ ಮಾಸ್ತರರು ಮನೆ ತನಕ ಬಂದಾಗ ಕೆಂಪು ಮೂತಿಯ ಸಣ್ಣ ಕಾಳು ಹೇಗೆ ಕೊಡುವುದು? ಒಳಗೆ ಗಡಿಗೆಯಲ್ಲಿ ಅದು ಇದ್ದರೂ ಇಲ್ಲವೆನ್ನುತ್ತಿದ್ದರು. ಮರ್ಯಾದೆ ಮಾಡುವವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ನನಗಂತೂ ಸಾಕುಬೇಕಾಯಿತು. ಬಹಳ ಕಾಡಿದ ಮೇಲೆ ಬಾಗೇವಾಡಿಯ ಕಡೆಯ ಎರಡು ಮನೆಯವರು ಒಂದೊಂದು ಹಿಡಿ ಕೊಟ್ಟರು. ಆಲಮೇಲದ ಒಬ್ಬ ಹೆಣ್ಣುಮಗಳು ತಾನಾಗಿಯೇ, ಗಂಡ ಅತ್ತ ಹೋದ ಮೇಲೆ, ಸೆರಗಿನಲ್ಲಿ ಮುಚ್ಚಿ ಒಂದು ಬೊಗಸೆ ಹಳದಿ ಜೋಳ ತಂದುಕೊಟ್ಟಳು.

ತಾಂಬಾದಲ್ಲಿ ನನ್ನ ಸೋದರತ್ತೆಯ ಮನೆ. ಅಪ್ಪನ ಅಕ್ಕ ಆಕೆ, ಸಣ್ಣವನಿದ್ದಾಗ ನನ್ನ ಬೇಸಿಗೆ ರಜೆಯೆಲ್ಲ ಆಕೆಯ ಮಡಿಲಲ್ಲೇ ಕಳೆದದ್ದು. ಅಡುಗೆಮನೆಯ ಮೂಲೆಯಲ್ಲಿ, ಒಲೆಯ ಹೊಗೆ ತಾಗುವ ಕಡೆ, ಬಾಯಿಗೆ ಸಗಣಿ ಮೆತ್ತಿದ ಒಂದು ಗಡಿಗೆ ಇಟ್ಟಿರುತ್ತಿದ್ದಳು. ಅದರಲ್ಲಿ ಬೂದಿಯೊಂದಿಗೆ ಬೆರೆಸಿದ ಅಳ್ಳಿನ ಜೋಳ ಇರುತ್ತಿತ್ತು. ನಾಗರ ಪಂಚಮಿಗೆ ಹುರಿದರೆ ಒಂದು ಕಾಳೂ ಬಿಡದಂತೆ ಮಲ್ಲಿಗೆ ಮೊಗ್ಗಿನ ಹಾಗೆ ಅರಳುತ್ತಿತ್ತು. ಆಕೆ ಮದುವೆಯಾಗಿ ಬಂದಾಗ ತವರಿನಿಂದ ಉಡಿಯಲ್ಲಿ ಕಟ್ಟಿಕೊಂಡು ಬಂದ ಬೀಜವಂತೆ. ಬರದ ವರ್ಷ ಮನೆಮಂದಿ ಅರೆಹೊಟ್ಟೆಯಲ್ಲಿದ್ದಾಗಲೂ ಆ ಗಡಿಗೆಗೆ ಯಾರೂ ಕೈಹಾಕದಂತೆ ಕಾದಿದ್ದಳು. ಆಕೆಯ ತವರಾದ ನಮ್ಮ ಮನೆಯ ಕಡೆ ಆ ಜೋಳ ಮುಗಿದೇ ಹೋಗಿತ್ತು. ಉಳಿದದ್ದು ಆಕೆಯ ಗಡಿಗೆಯಲ್ಲಿದ್ದ ಒಂದು ಸೇರಿಗೂ ಕಮ್ಮಿ ಕಾಳು.

ನಾನು ಕೇಳಿದ್ದು ಒಂದು ಹಿಡಿ. ಆಕೆ ಸಗಣಿ ಒಡೆದು ಗಡಿಗೆಯನ್ನೇ ಬೋರಲು ಹಾಕಿದಳು.

"ಇಷ್ಟು ಬ್ಯಾಡಬೇ ಅತ್ತಿ," ಎಂದೆ.

"ತಗೊಂಡು ಹೋಗೋ ತಮ್ಮಾ. ಇಲ್ಲಿದ್ರ ಒಂದ ಇಲಿ ತಿಂತಾವ, ಇಲ್ಲಾ ಸೊಸೆಂದ್ರು ಹುರೀತಾರ. ನಾ ಎಷ್ಟು ದಿನ ಕಾಯ್ಲಿ? ನಿಮ್ಮ ಸಾಲ್ಯಾಗ ಕ್ವಾಣಿ ಐತಿ, ಕೀಲಿ ಐತಿ ಅಂತೀಯಲ್ಲ. ಗಣಪತಿ ಹಬ್ಬ ಆದ ಮ್ಯಾಲ, ಉತ್ತರಿ ಮಳಿ ಮುಂದ ಬಂದು ಒಯ್ತೇನಿ. ಹೊಲದ ಬದುವಿಗೆ ಎರಡ ಸಾಲು ಬಿತ್ತಿ, ಮತ್ತ ನಿನ್ನ ಕಡೀನ ಇಡ್ತೇನಿ."

ಮ್ಯೂಸಿಯಂ ಅಂದರೆ ದೊಡ್ಡದೊಂದು ಬೀಜದ ಗಡಿಗೆ ಎಂದು ಆಕೆ ತಿಳಿದಿದ್ದಳು. ನಾನೂ ಹೂಂ ಅಂದೆ. ಆ ಹೂಂ ಅಂದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಮುದ್ದೇಬಿಹಾಳಕ್ಕೆ ಬಂದು ಅತ್ತೆಯದನ್ನು ಬಿಟ್ಟು ಉಳಿದ ಎಲ್ಲ ಕಾಳುಗಳನ್ನು ಬಾಟಲಿಗೆ ತುಂಬಿದೆ. ತಿಂಗಳೊಪ್ಪತ್ತರಲ್ಲೇ ಹುಳ ಬಿತ್ತು. ಬಾಟಲಿಯ ಒಳಗೇ ಹಿಟ್ಟು. ಪ್ರಿನ್ಸಿಪಾಲರು ನನ್ನನ್ನು ಕರೆದು, "ಕಮಿಟಿ ಮುಂದ ಹುಳಾ ತೋರ್ಸಾಕ ಮ್ಯೂಸಿಯಂ ಮಾಡೀರೇನು?" ಎಂದು ಬೈದರು. ಒಣಗಿಡಗಳಿಗೆ ಹುಳ ಹತ್ತದಂತೆ ನಾವು ರಸಕರ್ಪೂರವನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಳಿಯುತ್ತಿದ್ದೆವು. ಕಡು ವಿಷ. ಸಿಟ್ಟಿನಲ್ಲಿದ್ದ ನಾನು ಜವಾನನಿಗೆ ದ್ರಾವಣ ಕಲಸಿಕೊಟ್ಟು, "ಒಂದೂ ಬಿಡಬ್ಯಾಡ, ಎಲ್ಲಾ ಅದ್ದಿ ಒಣಗಿಸಿ ತುಂಬಿಡು," ಎಂದು ಹೇಳಿ, ಇನ್ನೆರಡು ತೆನೆ ತರಲು ಬಾಗೇವಾಡಿಯ ಬಸ್ಸು ಹಿಡಿದೆ. ಅತ್ತೆಯ ಕಾಳನ್ನು ನಾನು ಬೇರೆ ಚೀಲದಲ್ಲಿ ಕಟ್ಟಿ, ತಾಂಬಾ ಎಂದು ಚೀಟಿ ಹಚ್ಚಿ ಕಪಾಟಿನಲ್ಲಿಟ್ಟಿದ್ದೆ. ಅದು ಬೇರೆ ಎಂದು ನನಗೆ ಗೊತ್ತಿತ್ತು, ಜವಾನನಿಗೆ ಹೇಳಲು ಮರೆತೆ. ತಿರುಗಿ ಬಂದಾಗ ಎಲ್ಲ ಬಾಟಲಿಗಳಿಗೂ ಅರಗಿನ ಮುದ್ರೆ ಬಿದ್ದಿತ್ತು. ತಾಂಬಾ ಎಂದು ಬರೆದ ಬಾಟಲಿಯೂ ಇತ್ತು. ಚೀಲದಿಂದ ತೆಗೆದು ತುಂಬಿದ್ದಾನೆ, ಒಳ್ಳೆಯದೇ ಆಯಿತು ಎಂದುಕೊಂಡೆನೇ ಹೊರತು, ಏನಪ್ಪಾ ಮಾಡಿದಿ ಎಂದು ಒಂದು ಮಾತು ಕೇಳಲಿಲ್ಲ.

ಕಮಿಟಿ ಬರಲಿಲ್ಲ. ಮುಂದಿನ ತಿಂಗಳು ಅಂದರು, ಬರಲಿಲ್ಲ. ಪಂಚಮಿ ಆಯಿತು, ಗಣಪತಿ ಕೂತು ಎದ್ದ. ತಾಂಬಾದಿಂದ ಬಂದವರ ಕೈಯಲ್ಲಿ ಅತ್ತೆ ಹೇಳಿಕಳಿಸಿದಳು, ಬೀಜ ತೆಗೆದಿಡು, ಬರುತ್ತೇನೆ ಎಂದು. ಪ್ರಿನ್ಸಿಪಾಲರನ್ನು ಕೇಳಿದೆ. ಬಾಟಲಿ ರಿಜಿಸ್ಟರಿಗೆ ಹತ್ತಿದೆ, ಹತ್ತಿದ್ದನ್ನು ಇಳಿಸಲು ಆಡಳಿತ ಮಂಡಳಿಯ ಒಪ್ಪಿಗೆ ಬೇಕು ಎಂದರು. ಅರ್ಜಿ ಬರೆದೆ. ಅರ್ಜಿಯಲ್ಲಿ ಕಾಳಿನ ಲ್ಯಾಟಿನ್ ಹೆಸರಿಲ್ಲ ಎಂದು ತಿರುಗಿ ಬಂತು. ಬರೆದೆ. ತಳಿಯ ಹೆಸರೇನು ಎಂದು ಮತ್ತೆ ತಿರುಗಿ ಬಂತು. ಅಳ್ಳಿನ ಜೋಳ ಎಂದು ಬರೆದೆ. ಚಿಗರಿಯ ಹೊಟ್ಟೆ ಹೊಲಿಯಲು ಯಾವ ಒಪ್ಪಿಗೆಯೂ ಬೇಕಿರಲಿಲ್ಲ, ಮುದುಕಿಯ ಸೇರಿಗೂ ಕಮ್ಮಿ ಕಾಳು ಕೊಡಲು ಊರೆಲ್ಲರ ಸಹಿ ಬೇಕಾಯಿತು. ದಿನಕ್ಕೊಮ್ಮೆ ಆ ಬಾಟಲಿಯನ್ನು ಒಡೆದು ಹಾಕಿಬಿಡಲೇ ಅನ್ನಿಸುತ್ತಿತ್ತು.

ಅಂತೂ ಒಪ್ಪಿಗೆ ಬಂದ ವಾರವೇ ಅತ್ತೆ ಬಂದಳು. ಸಿಂದಗಿಯಲ್ಲಿ ಒಮ್ಮೆ, ಬಾಗೇವಾಡಿಯಲ್ಲಿ ಒಮ್ಮೆ ಬಸ್ಸು ಬದಲಿಸಿ, ರೊಟ್ಟಿಯ ಗಂಟು, ಖಾಲಿ ಚೀಲ ಹಿಡಿದು ಮಧ್ಯಾಹ್ನ ಕಾಲೇಜಿನ ಬಾಗಿಲಲ್ಲಿ ನಿಂತಳು. ನಾನು ಹೆಮ್ಮೆಯಿಂದ ಮ್ಯೂಸಿಯಂ ತೋರಿಸಿದೆ. ಚಿಗರಿಯ ಮೈ ಸವರಿ, "ಪಾಪ," ಎಂದಳು. ಹಾವಿನ ಬಾಟಲಿಗೆ ಕೈ ಮುಗಿದಳು. ಪ್ರಿನ್ಸಿಪಾಲರು ರಿಜಿಸ್ಟರಿನಲ್ಲಿ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡರು. ನಾನು ಅರಗು ಕೆತ್ತಿ, ಬಿರಡೆ ತೆಗೆದು, ಆಕೆಯ ಅಂಗೈಗೆ ಒಂದಿಷ್ಟು ಕಾಳು ಸುರಿದೆ.

ನಮ್ಮ ಕಡೆ ಹೆಂಗಸರು ಬೀಜವನ್ನು ಕಣ್ಣಿನಿಂದ ನೋಡಿ ಒಪ್ಪುವುದಿಲ್ಲ. ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, ಕಟ್ ಎಂದರೆ ಜೀವ ಇದೆ ಎಂದು ತಿಳಿಯುತ್ತಾರೆ. ಅತ್ತೆಯೂ ಒಂದು ಕಾಳು ಎತ್ತಿ ಬಾಯಿಗೆ ಒಯ್ದಳು.

"ಬಾಯಾಗ ಹಾಕಬ್ಯಾಡ್ರಿ ಯವ್ವಾ! ವಿಷಾ ಐತ್ರಿ!" ಬಾಗಿಲಲ್ಲಿ ನಿಂತಿದ್ದ ಜವಾನ ಕೂಗಿದ.

ನಾನು ಆಕೆಯ ಕೈಗೆ ಜೋರಾಗಿ ಹೊಡೆದೆ. ಕಾಳು ನೆಲದ ತುಂಬ ಚೆಲ್ಲಿದವು. ಹುಟ್ಟಿದಾಗಿನಿಂದ ನನ್ನನ್ನು ಎತ್ತಿ ಆಡಿಸಿದ ಕೈ ಅದು.

"ಇದನ್ನೂ ಅದ್ದಿಯೇನೋ?" ಎಂದು ಜವಾನನ ಮೇಲೆ ಹರಿಹಾಯ್ದೆ.

"ನೀವ ಹೇಳಿದ್ರಲ್ಲರಿ ಸರ್, ಒಂದೂ ಬಿಡಬ್ಯಾಡ ಅಂತ," ಎಂದ. ಅವನ ಮುಖದಲ್ಲಿ ತಪ್ಪು ಮಾಡಿದವನ ಹೆದರಿಕೆಯೂ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಇಷ್ಟು ತಿಂಗಳು ಪ್ರಿನ್ಸಿಪಾಲರನ್ನು, ಕಮಿಟಿಯನ್ನು, ಅರ್ಜಿಯನ್ನು ಬೈದುಕೊಂಡು ತಿರುಗಿದ್ದೆ. ಬೀಜವನ್ನು ಕೊಂದವರು ಅವರ್ಯಾರೂ ಅಲ್ಲ.

ಅತ್ತೆಗೆ ಮೊದಲು ತಿಳಿಯಲಿಲ್ಲ. "ಯಾಕ ವಿಷಾ ಹಾಕಿದಿ?" ಎಂದು ಕೇಳಿದಳು.

"ಹುಳಾ ತಿನ್ನಬಾರದಂತ, ಅತ್ತಿ."

"ಹುಳಾನೂ ತಿನ್ನಲಾರದ ಕಾಳು ಮೊಳಕಿ ಒಡೀತೈತೇನು?"

ಆಕೆ ಬೈಯಲಿಲ್ಲ. ಬೈದಿದ್ದರೆ ನನಗೆ ಬದುಕಿದಂತಾಗುತ್ತಿತ್ತು. ಸೀರೆಯ ನಿರಿಗೆ ಎತ್ತಿ ಕಟ್ಟಿ ನೆಲದ ಮೇಲೆ ಕೂತು ಒಂದೊಂದೇ ಕಾಳು ಆರಿಸತೊಡಗಿದಳು. ನಾನು ಕಸಬರಿಗೆ ತರಿಸಿದೆ. "ಬ್ಯಾಡ, ಹೊರಗ ಬಿದ್ರ ಗುಬ್ಬಿ ತಿಂದಾವು," ಎಂದಳು. ಬೆಂಚಿನ ಕೆಳಗೆ, ಚಿಗರಿಯ ಕಾಲಿನ ಸಂದಿಯಲ್ಲಿ ಕೈಹಾಕಿ ಎಲ್ಲ ಕಾಳು ಕೂಡಿಸಿ, ತಾನೇ ಬಾಟಲಿಗೆ ತುಂಬಿ ಬಿರಡೆ ಹಾಕಿದಳು. ಆಕೆಯ ಕೈಯನ್ನು ನಾನು ಸಾಬೂನಿನಿಂದ ಮೂರು ಸಲ ತೊಳೆದೆ. ಪ್ರಿನ್ಸಿಪಾಲರು ಬಾಗಿಲಿಗೆ ಬಂದು, ಬಾಟಲಿ ಒಯ್ಯುತ್ತಿಲ್ಲವಾದರೆ ಹೆಬ್ಬೆಟ್ಟು ಹೊಡೆದುಹಾಕಬೇಕಲ್ಲ ಎಂದು ಚಿಂತೆ ಮಾಡಿದರು.

ಬಸ್‌ಸ್ಟ್ಯಾಂಡಿನಲ್ಲಿ ಆಕೆ ರೊಟ್ಟಿಯ ಗಂಟು ನನಗೇ ಕೊಟ್ಟಳು. "ಮತ್ಯಾರ ಮನಿ ಕಾಳು ತಂದೀ?" ಎಂದು ಕೇಳಿದಳು. ಹೇಳಿದೆ. "ಅವರೂ ಕಾಯಾಕತ್ತಿರ್ತಾರ. ಹೋಗಿ ಹೇಳಿ ಬಾ, ಬ್ಯಾರೆ ಕಡೆ ಬೀಜ ನೋಡ್ಕೋರಿ ಅಂತ. ಮಳಿ ಬಿದ್ದ ಮ್ಯಾಲ ಹೇಳಬ್ಯಾಡ," ಎಂದಳು. ಬಸ್ಸು ಹೊರಟಿತು. ಆಕೆಯ ಖಾಲಿ ಚೀಲ ಮಡಿಲಲ್ಲಿ ಮಡಿಚಿ ಇತ್ತು.

ಆ ಭಾನುವಾರ ಆಲಮೇಲಕ್ಕೆ ಹೋದೆ. ಸೆರಗಿನಲ್ಲಿ ಮುಚ್ಚಿ ಕಾಳು ಕೊಟ್ಟಿದ್ದ ಹೆಣ್ಣುಮಗಳು ಹೊಸ್ತಿಲಲ್ಲಿ ನಿಂತು ನನ್ನ ಮಾತು ಕೇಳಿದಳು. ಆಮೇಲೆ ನಕ್ಕಳು. "ನೀವು ಯಾಕ ಇಷ್ಟು ಸಂಕಟ ಮಾಡ್ಕೋತೀರಿ ಮಾಸ್ತರ? ಗಡಿಗಿ ತುಂಬ ಐತ್ರಿ. ಊರು ಕೇರಿ ಗೊತ್ತಿಲ್ಲದವರ ಕೈಯಾಗ ಯಾರರ ಗಡಿಗಿ ಬರಿದು ಮಾಡಿ ಕೊಡ್ತಾರೇನ್ರಿ?" ಬಾಗೇವಾಡಿಯ ಕಡೆಯ ಎರಡು ಮನೆಗಳಲ್ಲೂ ಅದೇ ಮಾತು. ನನಗೆ ಒಂದು ಹಿಡಿ ಕೊಟ್ಟು, ಉಳಿದದ್ದನ್ನು ಎಲ್ಲರೂ ಒಳಗಿಟ್ಟುಕೊಂಡಿದ್ದರು. ನನ್ನನ್ನು ಯಾರೂ ಪೂರ್ತಿ ನಂಬಿರಲಿಲ್ಲ, ಹಾಗಾಗಿ ಅವರ ಬೀಜ ಉಳಿದಿತ್ತು.

ಕಮಿಟಿ ಮರುವರ್ಷ ಬಂತು. ಬಾಟಲಿಗಳ ಸಾಲು ನೋಡಿ ಬಹಳ ಮೆಚ್ಚಿಕೊಂಡರು, ಒಂದಕ್ಕೂ ಹುಳ ಬಿದ್ದಿಲ್ಲವಲ್ಲ ಎಂದು ನನ್ನ ಬೆನ್ನು ತಟ್ಟಿದರು. ಆ ಪಂಚಮಿಗೆ ನಾನು ತಾಂಬಾಕ್ಕೆ ಹೋಗಿದ್ದೆ. ಅತ್ತೆ ಸಂತೆಯಿಂದ ತಂದ ಜೋಳ ಹುರಿದು ಅಳ್ಳು ಮಾಡಿದ್ದಳು, ಅರ್ಧಕ್ಕರ್ಧ ಅರಳದೆ ಕಲ್ಲಿನಂತೆ ಉಳಿದಿದ್ದವು. ಅರಳಿದ್ದನ್ನೆಲ್ಲ ಆರಿಸಿ ನನ್ನ ತಾಟಿಗೆ ಹಾಕಿದಳು, ಅರಳದೇ ಇದ್ದದ್ದನ್ನು ತಾನು ಕಡಿಯುತ್ತ ಕೂತಳು.