ಚೆಂಡು ಮುಟ್ಟದ ಆಟಗಾರ

ಎಂಬತ್ತರ ದಶಕದ ಕೊನೆಯಲ್ಲಿ, ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿ, ನಮ್ಮ ಪಕ್ಕದ ಮನೆಗೆ ಅಮೆರಿಕದ ದಂಪತಿಗಳು ಬಾಡಿಗೆಗೆ ಬಂದರು. ಹೆಂಡತಿ ಡಾಕ್ಟರು. ಇಂಡಸ್ಟ್ರಿಯಲ್ ಏರಿಯಾದ ಕಾರ್ಮಿಕರಿಗೆಂದು ನಡೆಯುತ್ತಿದ್ದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಮೂರು ವರ್ಷ ಕೆಲಸ ಮಾಡಲು ಒಪ್ಪಿಕೊಂಡು ಬಂದವರು. ಆದರೆ ಅವರು ಸಾಮಾನು ಇಳಿಸುತ್ತಿದ್ದಾಗ ನಮ್ಮೆಲ್ಲರ ಕಣ್ಣು ಹೋದದ್ದು ಗಂಡನ ಮೇಲೆ. ಅಷ್ಟು ಅಗಲದ ಮನುಷ್ಯನನ್ನು ನಾನು ಅದುವರೆಗೆ ನೋಡಿರಲಿಲ್ಲ. ಫ್ರಿಜ್ಜನ್ನು ಒಬ್ಬರೇ ತಬ್ಬಿಕೊಂಡು ಒಳಗೆ ಹೋದರು. ನನ್ನ ಅತ್ತೆ ಕಿಟಕಿಯ ಹತ್ತಿರ ನಿಂತು ನೋಡಿ, "ಇವನಿಗೆ ಅಡುಗೆ ಮಾಡಿ ಹಾಕೋದು ಯಾರಪ್ಪ" ಎಂದರು.

ನಾನು ಆಗ ಕರೆನ್ ಎಂಬ ದೂರದ ಬಡಾವಣೆಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಮನೆಯಿಂದ ಅಲ್ಲಿಗೆ ಹೋಗಲು ಎರಡು ಮಟಾಟು ವ್ಯಾನು ಹಿಡಿಯಬೇಕಿತ್ತು. ಅದೇ ಶಾಲೆಯಲ್ಲಿ ಡಾಕ್ಟರ ಗಂಡನಿಗೆ ಮಕ್ಕಳಿಗೆ ಆಟ ಕಲಿಸುವ ಕೆಲಸ ಸಿಕ್ಕಿತು. ಮೊದಲ ದಿನವೇ ತಮ್ಮ ಹಳೆಯ ಪಿಕಪ್ ಗಾಡಿಯನ್ನು ನಮ್ಮ ಗೇಟಿನ ಮುಂದೆ ನಿಲ್ಲಿಸಿ, "ಟೀಚರ್, ಹತ್ತಿ" ಎಂದರು. ಅವರು ಆಡುತ್ತಿದ್ದದ್ದು ಇಂಗ್ಲಿಷ್. ನನಗೆ ನೆನಪಿರುವುದು ಮಾತಿನ ಅರ್ಥ, ಅದನ್ನೇ ಬರೆಯುತ್ತಿದ್ದೇನೆ.

ಲಾರಿಗಳ ಸಾಲಿನಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡ ಮೇಲೆ ಎಂಥವರಿಗೂ ಮಾತು ಬರುತ್ತದೆ. ಇಲ್ಲಿಗೆ ಬರುವ ಮೊದಲು ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

"ಫುಟ್‌ಬಾಲ್ ಆಡ್ತಿದ್ದೆ. ಅದೇ ನನ್ನ ಹೊಟ್ಟೆಪಾಡು."

"ಎಷ್ಟು ಗೋಲು ಹೊಡೆದಿದ್ದೀರಿ?"

"ಒಂದೂ ಇಲ್ಲ. ನಮ್ಮ ಅಮೆರಿಕನ್ ಫುಟ್‌ಬಾಲ್ ಬೇರೆ, ಚೆಂಡನ್ನ ಕೈಯಲ್ಲಿ ಹಿಡಿದು ಓಡೋದು, ಎಸೆಯೋದು. ನನ್ನ ಕೈಗೆ ಅದೂ ಬರ್ತಿರಲಿಲ್ಲ. ಚೆಂಡು ಎಸೆಯೋನು ನನ್ನ ಬೆನ್ನ ಹಿಂದೆ ಇರ್ತಾನೆ. ಅವನನ್ನ ಬೀಳಿಸೋಕೆ ಎದುರಿನವರು ನುಗ್ಗಿ ಬರ್ತಾರೆ. ಮಧ್ಯೆ ನಾವು ಐದು ಜನ. ಅವನು ಎಸೆಯೋವರೆಗೂ, ಮೂರೋ ನಾಲ್ಕೋ ಸೆಕೆಂಡು, ಹಿಂದಕ್ಕೆ ಹೆಜ್ಜೆ ಇಡ್ತಾ ತಡೀಬೇಕು. ಬೀಳಬಾರದು, ದಾರಿ ಬಿಡಬಾರದು. ಅಷ್ಟೇ ನನ್ನ ಕೆಲಸ."

ಆ ಕೆಲಸವನ್ನು ಅವರು ಹದಿಮೂರು ವರ್ಷ ಮಾಡಿದ್ದರು. ಒಂದು ಪಂದ್ಯವನ್ನೂ ತಪ್ಪಿಸಿರಲಿಲ್ಲ. ಮುರಿದ ಬೆರಳನ್ನು ಪಕ್ಕದ ಬೆರಳಿಗೆ ಪಟ್ಟಿಯಿಂದ ಬಿಗಿದು ಆಡಿದ್ದರು, ಜ್ವರದಲ್ಲಿ ಆಡಿದ್ದರು. ಹೆಂಡತಿಗೆ ಆಪರೇಷನ್ ಆದ ದಿನವೂ ಬೇರೆ ಊರಿನ ಮೈದಾನದಲ್ಲಿದ್ದರು. ಇದನ್ನು ಹೇಳುವಾಗ ಅವರ ದನಿ ಇಳಿಯಿತು.

"ನಾನು ಗಟ್ಟಿ ಆಳು ಅಂತ ಪೇಪರ್‌ನಲ್ಲಿ ಬರೀತಿದ್ರು. ನನ್ನ ತಂಡ ಬದಲಾದಾಗಲೆಲ್ಲ ಅವಳೂ ಕೆಲಸ ಬಿಟ್ಟು, ಮನೆ ಖಾಲಿ ಮಾಡಿ ನನ್ನ ಹಿಂದೆ ಬಂದಳು. ಅದನ್ನ ಯಾರೂ ಬರೀಲಿಲ್ಲ."

"ಆಡೋದು ಯಾಕೆ ಬಿಟ್ರಿ?"

"ನಾನು ಬಿಡಲಿಲ್ಲ. ಒಂದು ಬೆಳಿಗ್ಗೆ ಕೋಚ್ ಕರೆದು, ಈ ವಾರ ಇನ್ನೊಬ್ಬ ಹುಡುಗ ಆಡ್ತಾನೆ ಅಂದ್ರು. ಬೆಂಚಿನ ಮೇಲೆ ಕೂತೆ. ಕೈ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ. ಆ ವರ್ಷ ಮುಗಿದ ಮೇಲೆ ಮನೆಗೆ ಬಂದೆ. ಕೆಲವು ವರ್ಷ ಸುಮ್ಮನೆ ಇದ್ದೆ. ಆಮೇಲೆ ಅವಳು, ಇನ್ನು ನನ್ನ ಸರದಿ, ನೈರೋಬಿಗೆ ಹೋಗೋಣ ಅಂದಳು. ಹೂಂ ಅಂದೆ."

ಮರುವರ್ಷ ಏಪ್ರಿಲ್‌ನಲ್ಲಿ ಅತ್ತೆ ತೊಳೆದ ಅಡುಗೆಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಾವ ತೀರಿಕೊಂಡ ಮೇಲೆ ಮೈಸೂರಿನಿಂದ ಬಂದು ಎಂಟು ವರ್ಷದಿಂದ ನಮ್ಮ ಜೊತೆಗೇ ಇದ್ದವರು ಅವರು. ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ ಆಸ್ಪತ್ರೆಯವರು ದಿನಾ ನಡೆಸಬೇಕು ಎಂದು ಹೇಳಿದ್ದರು. ನನ್ನ ಗಂಡ ಬೆಳಿಗ್ಗೆ ಫ್ಯಾಕ್ಟರಿಗೆ ಹೊರಡುವ ಮೊದಲು ಅವರ ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದರು. ಅತ್ತೆ ನೋವಿನಿಂದ ನರಳುತ್ತಿದ್ದರು. ಹತ್ತು ದಿನ ಹೀಗೆ ನಡೆದ ಮೇಲೆ, "ನನ್ನನ್ನ ಮುಟ್ಟಬೇಡ ಕಣೋ, ಬಿದ್ದಿರೋಕೆ ಬಿಡು" ಎಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಇದನ್ನು ಪಿಕಪ್‌ನಲ್ಲಿ ಹೇಳುತ್ತಾ ನನಗೆ ಅಳು ಬಂತು. ಅವರು ರಸ್ತೆಯಿಂದ ಕಣ್ಣು ತೆಗೆಯದೆ, "ನಾನೊಮ್ಮೆ ಬಂದು ನೋಡಬಹುದಾ?" ಎಂದರು.

ಶನಿವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಂದರು. ಡಾಕ್ಟರಮ್ಮ ಅತ್ತೆಯ ಕಾಲು, ಎಕ್ಸ್‌ರೇ ನೋಡಿ, ಕೂಡಿಸಿದ ಮೂಳೆ ಗಟ್ಟಿಯಾಗಿ ನಿಂತಿದೆ, ಭಾರ ಬಿಡಬಹುದು, ಇನ್ನು ಉಳಿದಿರುವುದು ಭಯ ಮಾತ್ರ ಎಂದರು. ಅತ್ತೆ ಸೆರಗು ಎಳೆದುಕೊಂಡು ನನ್ನನ್ನು ಹತ್ತಿರ ಕರೆದು, "ಆ ಗಂಡಸು ನನ್ನ ಮೈ ಮುಟ್ಟೋದೆಲ್ಲ ಬೇಡಮ್ಮ" ಎಂದು ಮೆಲ್ಲಗೆ ಹೇಳಿದರು. ಹಾಗೆಂದು ನಾನು ತಿಳಿಸಿದಾಗ ಅವರು ತಲೆಯಾಡಿಸಿ, ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಸ್ವಲ್ಪ ಹೊತ್ತಿಗೆ ಅತ್ತೆಯೇ ಈ ಕಡೆ ತಿರುಗಿದರು. ಅವರ ಕಣ್ಣು ಆ ಕೈಗಳ ಮೇಲೆ ಬಿತ್ತು. ಒಂದು ಬೆರಳೂ ನೆಟ್ಟಗಿರಲಿಲ್ಲ. ಪಕ್ಕದಲ್ಲಿದ್ದ ನನ್ನ ಹತ್ತು ವರ್ಷದ ಮಗಳಿಗೆ, "ಈ ಕಿರುಬೆರಳು ಯಾಕೆ ಸೊಟ್ಟಗಿದೆ ಕೇಳೇ" ಎಂದರು. ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಲ್ಲಿ ಬರುತ್ತಿದ್ದದ್ದು ಇಂಗ್ಲಿಷ್. ಅವಳು ಅಜ್ಜಿಯ ಪ್ರಶ್ನೆಯನ್ನು ದಾಟಿಸಿದಳು. ಅವರ ಉತ್ತರವನ್ನು ನಾನು ದಾಟಿಸಿದೆ.

"ಅದು ಮೂರನೇ ವರ್ಷದ್ದು. ಎದುರಿನವನ ಹೆಲ್ಮೆಟ್ಟಿಗೆ ಸಿಕ್ಕಿಕೊಳ್ತು."

"ಈ ಹೆಬ್ಬೆರಳು?"

"ಏಳನೇ ವರ್ಷ. ನಮ್ಮವನೇ ತುಳಿದ."

"ತಕ್ಷಣ ಡಾಕ್ಟರ ಹತ್ರ ಹೋಗಬಾರದಿತ್ತಾ?"

"ಆಟ ಮುಗಿದ ಮೇಲೆ ಹೋದೆ."

"ಹೆಂಡತೀನೇ ಡಾಕ್ಟರಂತೆ. ಅವಳಾದ್ರೂ ಬೈಬಾರದಾ?"

ಡಾಕ್ಟರಮ್ಮ ನಕ್ಕು, "ಬೈದೆ. ಹದಿಮೂರು ವರ್ಷ ಬೈದೆ ಅಂತ ಹೇಳಿ" ಎಂದರು.

ಅತ್ತೆ ಹರಳೆಣ್ಣೆ ತರಿಸಿಕೊಂಡರು. ಪರಗಂಡಸು ಎಂಬುದು ಮರೆತೇ ಹೋದ ಹಾಗಿತ್ತು. ಆ ಕೈಯನ್ನು ತಮ್ಮ ಹಾಸಿಗೆಯ ಮೇಲೆ ಎಳೆದುಕೊಂಡು ಒಂದೊಂದೇ ಬೆರಳಿಗೆ ಎಣ್ಣೆ ಹಚ್ಚಿ ನೀವಿದರು. ಅವರು ತಲೆ ತಗ್ಗಿಸಿ ಕುಳಿತೇ ಇದ್ದರು. ಎಣ್ಣೆ ಮುಗಿದ ಮೇಲೆ ಅತ್ತೆ, "ಈಗ ಏನು ಮಾಡಬೇಕಂತೆ ನಾನು?" ಎಂದು ಕೇಳಿದರು.

ಅವರು ಅತ್ತೆಯನ್ನು ಎತ್ತಲೇ ಇಲ್ಲ. ಮಂಡಿ ಬಗ್ಗಿಸಿ, ಸೊಂಟ ತಗ್ಗಿಸಿ, ಎರಡು ಮುಂಗೈಗಳನ್ನು ಅಡ್ಡಗಂಬಗಳ ಹಾಗೆ ಮುಂದೆ ಚಾಚಿ ನಿಂತರು. "ಅವರೇ ಹಿಡ್ಕೊಂಡು ಏಳಲಿ. ಎಷ್ಟು ಬೇಕೋ ಅಷ್ಟು ಭಾರ ಬಿಡಲಿ. ನಾನು ಅಲ್ಲಾಡಲ್ಲ." ಅತ್ತೆ ಹಿಡಿದುಕೊಂಡರು. ಮೂರನೇ ಸಲಕ್ಕೆ ಎದ್ದು ನಿಂತರು. ಅವರು ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು, ಅತ್ತೆ ಒಂದು ಹೆಜ್ಜೆ ಮುಂದಕ್ಕೆ.

"ಪೋಲೆ ಪೋಲೆ" ಎಂದರು ಅವರು. ನಿಧಾನ ಎನ್ನುವುದಕ್ಕೆ ಸ್ವಾಹಿಲಿ ಮಾತು.

"ಪೋಲೆ ಪೋಲೆ" ಎಂದರು ತರಕಾರಿಯವಳಿಂದ ಅದನ್ನು ಕಲಿತಿದ್ದ ಅತ್ತೆ.

ಅವರಿಬ್ಬರ ನಡುವೆ ಇದ್ದದ್ದು ಅದೊಂದು ಮಾತು, ಜೊತೆಗೆ ಸವಾ, ಮತ್ತು ಥ್ಯಾಂಕ್ಸ್ ಎನ್ನುವುದಕ್ಕೆ ಅಸಾಂಟೆ. ಅಷ್ಟರಲ್ಲೇ ಎರಡು ತಿಂಗಳು ನಡೆಯಿತು. ದಿನಾ ಬೆಳಿಗ್ಗೆ ಆರೂವರೆಗೆ ಬರುತ್ತಿದ್ದರು. ಮೊದಲ ವಾರ ಮಂಚದಿಂದ ಬಾಗಿಲವರೆಗೆ, ಆಮೇಲೆ ಹಜಾರದ ತುದಿಗೆ, ಆಮೇಲೆ ವರಾಂಡಕ್ಕೆ. ಆ ದೊಡ್ಡ ದೇಹ ಹಿಂದಕ್ಕೆ ನಡೆಯುವುದು ನೋಡಲು ಸೊಗಸಾಗಿತ್ತು. ಒಂದು ಕುರ್ಚಿಗೂ ತಾಗುತ್ತಿರಲಿಲ್ಲ.

ಒಂದು ಸಂಜೆ ಡಾಕ್ಟರಮ್ಮ ಒಬ್ಬರೇ ನನ್ನ ಅಡುಗೆಮನೆಗೆ ಬಂದರು. ಕೊಟ್ಟ ಕಾಫಿಯನ್ನು ಕುಡಿಯದೆ ಹಿಡಿದುಕೊಂಡೇ ಹೇಳಿದರು: "ಅವರ ಎರಡೂ ಮಂಡಿ ಹೋಗಿವೆ. ದಿನಾ ಎದ್ದ ತಕ್ಷಣ ನೋವಿನ ಮಾತ್ರೆ ನುಂಗಿ ನಿಮ್ಮ ಮನೆಗೆ ಬರ್ತಿದ್ದಾರೆ. ಮೊದಲು ಆಟಕ್ಕೆ ಹೋಗ್ತಿದ್ದದ್ದೂ ಹೀಗೇ. ನಾನು ಹೇಳಿದ್ರೆ ಕೇಳಲ್ಲ. ನಿಮ್ಮ ಅತ್ತೆ ಹೇಳಿದ್ರೆ ಕೇಳಬಹುದೇನೋ."

ನನಗೆ ನಾಚಿಕೆಯಾಯಿತು. ದಿನಾ ಅವರ ಪಕ್ಕದಲ್ಲಿ ಕುಳಿತು ಶಾಲೆಗೆ ಹೋಗುತ್ತಿದ್ದವಳು ನಾನು, ಕ್ಲಚ್ ಒತ್ತುವಾಗ ಅವರು ಹಲ್ಲು ಕಚ್ಚಿಕೊಳ್ಳುತ್ತಿದ್ದದ್ದನ್ನು ಕಂಡಿರಲಿಲ್ಲ. ಆ ರಾತ್ರಿಯೇ ಅತ್ತೆಗೆ ಎಲ್ಲವನ್ನೂ ಹೇಳಿದೆ.

ಮರುದಿನ ನಡೆದಾದ ಮೇಲೆ ಅತ್ತೆ ವರಾಂಡದ ಕುರ್ಚಿಯಲ್ಲಿ ಕುಳಿತು, "ನಾಳೆ ನೀನು ಬರಬೇಡ ಮಗು" ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ.

"ನಾನು ತಪ್ಪಿಸಲ್ಲ ಅಂತ ಹೇಳಿ."

"ಗೊತ್ತು. ಅದಕ್ಕೇ ಹೇಳ್ತಿರೋದು. ನೀನು ಒಂದು ದಿನ ಬರದೇ ಇದ್ರೆ ನಾನೇನು ಬೀಳಲ್ಲ. ಸೊಸೆ ಇದ್ದಾಳೆ. ನೀನು ಮನೇಲಿ ಕಾಲು ನೀಡಿಕೊಂಡು ಕೂತ್ಕೋ. ಹೆಂಡತಿ ಕೈಲಿ ಕಾಫಿ ಮಾಡಿಸ್ಕೊಂಡು ಕುಡಿ."

ನಾನು ಒಂದು ಮಾತೂ ಬಿಡದೆ ಹೇಳಿದೆ. ಅವರು ತಮ್ಮ ಮಂಡಿಗಳನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಕೊನೆಗೆ, "ಸವಾ" ಎಂದರು. ಆಗಲಿ ಎಂದು. ಕಣ್ಣು ಒರೆಸಿಕೊಂಡು ಬೇಲಿಯ ಆಚೆ ಹೋದರು.

ಮರುದಿನ ಬೆಳಿಗ್ಗೆ ಅವರು ಬರಲಿಲ್ಲ. ನಾನು ಮಂಡಿ ಬಗ್ಗಿಸಿ ಮುಂಗೈ ಚಾಚಿದೆ. ಅತ್ತೆ ಎದ್ದು ನಿಂತರು. ಹಿಂದಕ್ಕೆ ನಡೆಯುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಬೆನ್ನ ಹಿಂದೆ ಏನಿದೆಯೋ ಕಾಣುವುದಿಲ್ಲ. ಕಾಣುವುದು ಎದುರಿನವರ ಮುಖ ಒಂದೇ. ಎಂಟು ವರ್ಷ ಒಂದೇ ಮನೆಯಲ್ಲಿದ್ದೂ ಅತ್ತೆಯ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನಾನು ನೋಡಿರಲಿಲ್ಲ. ಹಣೆಯ ಎಡಗಡೆ ಒಂದು ಹಳೆಯ ಗಾಯದ ಗುರುತಿತ್ತು. "ಇದೇನತ್ತೆ?" ಎಂದೆ. "ಮದುವೆ ಆದ ವರ್ಷದ್ದು. ಕಣಜದ ಬಾಗಿಲು ಬಡೀತು. ಆಮೇಲೆ ಹೇಳ್ತೀನಿ, ನೀನು ಹಿಂದೆ ನೋಡ್ಕೋ" ಎಂದರು.

ವರಾಂಡ ತಲುಪಿದಾಗ ಬೇಲಿಯ ಆಚೆ ಅವರು ಕುಳಿತಿದ್ದರು. ಎರಡೂ ಕಾಲು ಸ್ಟೂಲಿನ ಮೇಲಿದ್ದವು, ಪಕ್ಕದಲ್ಲಿ ಡಾಕ್ಟರಮ್ಮ. ಅತ್ತೆ ನನ್ನ ತೋಳಿನಿಂದ ಒಂದು ಕೈ ಬಿಡಿಸಿಕೊಂಡು ಅವರತ್ತ ಎತ್ತಿದರು. ಅವರೂ ಕೈ ಎತ್ತಿದರು.

ಆಮೇಲೆ ವಾರಕ್ಕೆ ಎರಡು ದಿನ ಮಾತ್ರ ಬರುತ್ತಿದ್ದರು, ಬಂದರೂ ಹೆಚ್ಚಾಗಿ ಉಪ್ಪಿಟ್ಟು ತಿನ್ನುವುದಕ್ಕೆ. ಆಗಸ್ಟ್ ಹೊತ್ತಿಗೆ ಅತ್ತೆ ಕೋಲು ಹಿಡಿದು ತಾವೇ ಗೇಟಿನವರೆಗೆ ಹೋಗತೊಡಗಿದರು.

ಮೂರು ವರ್ಷ ತುಂಬಿದಾಗ ಆ ದಂಪತಿಗಳು ತಮ್ಮ ದೇಶಕ್ಕೆ ಮರಳಿದರು. ಕೆಲವು ವರ್ಷ ಕಾಗದ ಬರುತ್ತಿತ್ತು. ಅವರು ತಮ್ಮ ಊರಿನ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದಾರೆ, ಡಾಕ್ಟರಮ್ಮ ಸ್ವಂತ ಕ್ಲಿನಿಕ್ಕು ತೆರೆದಿದ್ದಾರೆ ಎಂದು ತಿಳಿಯಿತು. ಆಮೇಲೆ ಅವರು ಮನೆ ಬದಲಿಸಿದರೋ, ನಾನೇ ಬರೆಯಲು ತಡ ಮಾಡಿದೆನೋ, ಕಾಗದ ನಿಂತುಹೋಯಿತು.

ಅತ್ತೆ ಸೌತ್ ಬಿಯ ಮನೆಯಲ್ಲೇ, ತೊಂಬತ್ತೈದರ ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದವರು ಏಳಲಿಲ್ಲ. ಹದಿನಾಲ್ಕನೇ ದಿನ ಕಳೆದ ಮೇಲೆ ನಾನು ಅಮೆರಿಕದ ಆ ಹಳೆಯ ವಿಳಾಸಕ್ಕೇ ಒಂದು ಕಾಗದ ಬರೆದು ಹಾಕಿದೆ. ಅದು ತಲುಪಿತೋ ಇಲ್ಲವೋ ನನಗೆ ತಿಳಿಯದು. ಅತ್ತೆ ಹೋದರು, ಕಷ್ಟಪಡಲಿಲ್ಲ, ಆ ಬೆಳಿಗ್ಗೆಯೂ ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋಗಿ ಸ್ನಾನ ಮಾಡಿ ಬಂದಿದ್ದರು ಎಂದು ಬರೆದಿದ್ದೆ.