ಕೋಟಿನ ಒಳಗಿನ ಬಿಳಿ ದಾರ

ಅಕ್ಕನಿಗೆ ಆ ದೊಡ್ಡ ಸಲಹಾ ಕಂಪನಿಯಲ್ಲಿ ಕೆಲಸ ಸಿಕ್ಕಾಗ ಅಪ್ಪ ಬೀದಿಯ ತುದಿಯವರೆಗೂ ಹೋಗಿ ಹೇಳಿ ಬಂದಿದ್ದರು. ಎಂಥ ಕೆಲಸ ಎಂದು ಯಾರಾದರೂ ಕೇಳಿದರೆ ಮಾತ್ರ ತಡವರಿಸುತ್ತಿದ್ದರು.

"ಕಂಡೋರ ಕಂಪನಿಗೆ ಹೋಗಿ ಬುದ್ಧಿ ಹೇಳೋದು," ಎಂದು ಅಮ್ಮ ಮುಗಿಸುತ್ತಿದ್ದಳು. "ಮನೇಲಿ ಅಭ್ಯಾಸ ಚೆನ್ನಾಗೇ ಆಗಿದೆ."

ಅಲ್ಲಿ ದಿನದ ಪ್ರತಿ ಕಾಲು ಗಂಟೆಗೂ ಲೆಕ್ಕ ಕೊಡಬೇಕು. ಸಂಜೆ ಹಾಳೆ ತುಂಬದೆ ಏಳುವಂತಿಲ್ಲ. ಸುಮ್ಮನೆ ಕಳೆದ ಹೊತ್ತಿಗೆ 'ಖಾಲಿ' ಎಂದು ಬರೆಯಬೇಕೆಂಬ ನಿಯಮವಿದೆ, ಯಾರೂ ಬರೆಯುವುದಿಲ್ಲ. ಅಕ್ಕನೂ ಕಲಿತಳು. ಒಂದು ವರ್ಷ ಹೊಗಳಿಸಿಕೊಂಡಳು, ಮರುವರ್ಷ ಕೆಲಸವಿಲ್ಲದೆ ಮೂಲೆಯಲ್ಲಿ ಕುಳಿತು ಬಡ್ತಿ ಕಳೆದುಕೊಂಡಳು.

ಮೂರನೆಯ ವರ್ಷ ಅವಳನ್ನು ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಕಳಿಸಿದರು. ಹಾಸಿಗೆ ಬಟ್ಟೆ ಮಡಚಲು ನಾಲ್ವರು ಹೆಂಗಸರಿದ್ದರು. ಮೂವರು ಸಾಕೇ, ಸಾಕಾದರೆ ಯಾರನ್ನು ಕೆಲಸದಿಂದ ಬಿಡಿಸುವುದು? ಅಕ್ಕ ಮೂರು ದಿನ ಗಡಿಯಾರ ಹಿಡಿದು ಅವರ ಕೈಗಳನ್ನೇ ನೋಡುತ್ತ, ಒಬ್ಬೊಬ್ಬರ ಹೊತ್ತನ್ನೂ ಒಂದೊಂದು ಸಾಲಿನಲ್ಲಿ ಬರೆದುಕೊಳ್ಳುತ್ತ ನಿಂತಳು.

ನಾಲ್ವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಎರಡನೆಯ ದಿನ ಆಕೆ ಮಡಚುವುದನ್ನು ನಿಲ್ಲಿಸಿ ಸ್ಟೂಲು ಎಳೆದು ತಂದಳು. "ನಿಂತೇ ಸಾಯ್ತೀಯಾ? ಕೂತ್ಕೊ." ಕುಳಿತಾಗ ಅಕ್ಕನ ಕೋಟಿನ ತೋಳಿನ ಕೆಳಗೆ ಹೊಲಿಗೆ ಬಿಟ್ಟಿದ್ದು ಕಂಡಿತು.

"ಬಿಚ್ಚು ಇಲ್ಲಿ. ಇಷ್ಟು ಓದಿದೋಳು ಕಂಕುಳಲ್ಲಿ ಕಿಟಕಿ ಇಟ್ಕೊಂಡು ತಿರುಗ್ತೀಯಲ್ಲ!"

ಹರಿದ ಹಾಸಿಗೆ ಬಟ್ಟೆ ಹೊಲಿಯುವ ಬಿಳಿ ದಾರವಷ್ಟೇ ಅಲ್ಲಿತ್ತು. "ಕೋಟು ಕಪ್ಪು, ದೊಡ್ಡಮ್ಮಾ," ಎಂದಳು ಅಕ್ಕ.

"ಒಳಗಡೆ ಯಾರು ನೋಡ್ತಾರೆ ಮಗಳೇ?"

ಕಾಲು ಗಂಟೆ ಹಿಡಿಯಿತು. ದೊಡ್ಡಮ್ಮನ ಸಾಲಿನಲ್ಲಿ ಅಕ್ಕನ ಕೈ ತಾನಾಗಿ 'ಖಾಲಿ' ಎಂದು ಬರೆಯಿತು. ಸಂಜೆ ತನ್ನ ಹಾಳೆಯಲ್ಲಿ ಅದೇ ಕಾಲು ಗಂಟೆಗೆ 'ಆಸ್ಪತ್ರೆ ಕೆಲಸ' ಎಂದು ಬರೆದಳು. ಆಗ ಏನೂ ಅನ್ನಿಸಲಿಲ್ಲವಂತೆ.

ಅನ್ನಿಸಿದ್ದು ವರದಿಯ ಚಿತ್ರದಲ್ಲಿ ಒಬ್ಬೊಬ್ಬರ ಕೆಲಸಕ್ಕೆ ಒಂದರಂತೆ ನಾಲ್ಕು ಕಂಬಗಳು ಎದ್ದು ನಿಂತಾಗ. ನಾಲ್ಕನೆಯದು, ದೊಡ್ಡಮ್ಮನದು, ಉಳಿದವಕ್ಕಿಂತ ಕೂದಲೆಳೆಯಷ್ಟು ಗಿಡ್ಡ. ಅವಳ ಮ್ಯಾನೇಜರಿಗೆ ಜಗತ್ತೆಲ್ಲ ಒಂದೇ ಸ್ಲೈಡಿನಲ್ಲಿ ಹಿಡಿಸಬೇಕು. ಬೆನ್ನ ಹಿಂದೆ ಅವರ ಹೆಸರೇ ಸ್ಲೈಡು. ಅವರು ಆ ಕಂಬದ ಮೇಲೆ ಬೆರಳಿಟ್ಟರು. "ನಾಲ್ಕನೇ ನಂಬರ್ ಬಿಡಬಹುದು."

"ಸರ್, ಆ ಕಾಲು ಗಂಟೆ ಅವರು ನನ್ನ ಕೋಟು ಹೊಲೀತಿದ್ರು."

"ಅದು ಆಸ್ಪತ್ರೆ ಕೆಲಸ ಅಲ್ವಲ್ಲಮ್ಮ. ಖಾಲಿ ಅಂತ ಸರಿಯಾಗೇ ಬರ್ದಿದೀರಿ." ಆಮೇಲೆ ತಲೆಯೆತ್ತಿದರು. "ಆಗ ನೀವೇನ್ ಮಾಡ್ತಿದ್ರಿ?"

ಬಡ್ತಿಯ ಪಟ್ಟಿ ಬರಲು ವಾರವಿತ್ತು.

"ನೋಡ್ತಿದ್ದೆ ಸರ್."

"ಗುಡ್. ಅದು ಪರಿಶೀಲನೆ."

ಬಡ್ತಿ ಸಿಕ್ಕಿತು. ಪತ್ರ ಬಂದ ದಿನ ಮಧ್ಯಾಹ್ನ ಅಕ್ಕ ಆಸ್ಪತ್ರೆಗೆ ಹೋದಳು. ಮೂವರು ಮಡಚುತ್ತಿದ್ದರು. ಸ್ಟೂಲು ಗೋಡೆಯ ಪಕ್ಕದಲ್ಲಿತ್ತು. ಯಾರೂ ಕೂರು ಎನ್ನಲಿಲ್ಲ.

"ದೊಡ್ಡಮ್ಮ ಇಲ್ವಾ?"

"ಕಾಲು ಗಂಟೆ ಖಾಲಿ ಕೂತಿದ್ರಂತೆ," ಎಂದಳೊಬ್ಬಳು ಬಟ್ಟೆಯಿಂದ ಕಣ್ಣೆತ್ತದೆ. "ನಮ್ಮನ್ನ ಮಾತಾಡಿಸ್ಬೇಡಮ್ಮ. ಕೈ ನಿಲ್ಲುತ್ತೆ."

ಅಕ್ಕ ಮನೆಗೆ ಬಂದಾಗ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದರು. ಹೊಸ ಹುದ್ದೆಯ ಹೆಸರನ್ನು ಸರಿಯಾಗಿ ಕೇಳಿಕೊಂಡು ಬೀದಿಗೆ ಹೊರಡಬೇಕಿತ್ತು. ಅಮ್ಮ ಕೋಟು ಇಸಿದುಕೊಂಡು ತಿರುವಿದಳು.

"ಅಯ್ಯೋ, ಇದ್ಯಾರೇ ಬಿಳಿ ದಾರದಲ್ಲಿ ಹೊಲಿದಿದ್ದು? ಕೊಡು, ಬಿಚ್ಚಿ ಕಪ್ಪು ಹಾಕ್ತೀನಿ."

"ಬಿಚ್ಬೇಡಮ್ಮಾ," ಎಂದು ಅಕ್ಕ ಕಿತ್ತುಕೊಂಡಳು. ಹಾಗೇ ನೆಲಕ್ಕೆ ಕುಳಿತು, ಕೋಟನ್ನು ಮಡಿಲಲ್ಲಿಟ್ಟುಕೊಂಡು, ನಡೆದದ್ದರಲ್ಲಿ ಒಂದನ್ನೂ ಬಿಡದೆ ಹೇಳಿದಳು. ನಾವು ಯಾರೂ ಅವಳ ಮುಖ ನೋಡಲಿಲ್ಲ.

ಅಪ್ಪ ಚಪ್ಪಲಿ ಕಳಚಿ ಒಳಗೆ ಬಂದರು.