ಗೋಡೆ ಮುಚ್ಚುವ ಮೊದಲು

ನಮ್ಮ ಯಜಮಾನರು ಹೋದ ಮೇಲೆ ಅವರ ಕುರ್ಚಿಯಲ್ಲಿ ನಾನು ಕೂತೆ. ಅಗ್ರಹಾರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವರು ಪ್ಲಂಬಿಂಗ್ ಕಂಟ್ರಾಕ್ಟರುಗಳಿಗೆ ಸರ್ಕಾರಿ ಟೆಂಡರಿನ ಕಾಗದಪತ್ರ ಮಾಡಿಕೊಡುತ್ತಿದ್ದರು. ಕಣ್ಣು ಮಂಜಾದ ಮೇಲೆ ಅವರು ಹೇಳುವುದು, ನಾನು ಕಂಪ್ಯೂಟರಿನಲ್ಲಿ ತುಂಬುವುದು. ಹಾಗಾಗಿ ಕೆಲಸ ನನಗೆ ಗೊತ್ತಿತ್ತು. ಅದೂ ದೇವರು ಮಾಡಿದ ಉಪಕಾರವೇ. ಅಳು ಬರುತ್ತಿರಲಿಲ್ಲ. ಬೆಳಿಗ್ಗೆ ದೀಪ ಹಚ್ಚುತ್ತಿದ್ದೆ, ಒಂದು ಲೋಟ ಅಕ್ಕಿ ಇಡುತ್ತಿದ್ದೆ, ಯಾರಾದರೂ ಫೈಲು ತಂದರೆ ಕನ್ನಡಕ ಹಾಕಿಕೊಳ್ಳುತ್ತಿದ್ದೆ. ಇಷ್ಟೇ.

ಮಂಡಕಳ್ಳಿ ಕಡೆಯ ಒಬ್ಬ ಹಿರಿಯ ಪ್ಲಂಬರ್ ಬರುತ್ತಿದ್ದರು. ಆಯಸ್ಸೆಲ್ಲ ದೊಡ್ಡ ಕಂಟ್ರಾಕ್ಟರುಗಳ ಕೈಕೆಳಗೆ ದುಡಿದವರು. ಊರಿನ ಎಷ್ಟೋ ಕಟ್ಟಡಗಳಿಗೆ ನಲ್ಲಿ ಕೂರಿಸಿದ್ದರೂ ಯಾವ ಕಾಗದದಲ್ಲೂ ಅವರ ಹೆಸರಿರಲಿಲ್ಲ.

"ಅಮ್ಮಾವ್ರೆ, ಒಂದೇ ಒಂದ್ ಕೆಲ್ಸ ನನ್ ಹೆಸ್ರಲ್ಲಿ ಆಗ್ಲಿ. ಕೆಲ್ಸ ಮುಗ್ಸಿದ್ ಸರ್ಟಿಫಿಕೇಟ್ ಒಂದ್ ಸಿಕ್ಬುಟ್ರೆ ಮುಂದಕ್ಕೆ ನಾನೇ ಟೆಂಡರ್ ಹಾಕ್ಬೋದು," ಎಂದರು.

ರಾಮಕೃಷ್ಣನಗರದ ಕಡೆ ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲಿನ ಬಚ್ಚಲುಗಳ ಕೆಲಸಕ್ಕೆ ಅವರ ಪರವಾಗಿ ಅರ್ಜಿ ತುಂಬಿದೆ. ಸಣ್ಣ ಕೆಲಸ, ಹಿಂದಿನ ಸರ್ಟಿಫಿಕೇಟ್ ಕೇಳಿರಲಿಲ್ಲ, ಅವರಿಗೇ ಬಂತು. ಷರತ್ತುಗಳನ್ನು ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಮೊದಲ ಪುಟದಲ್ಲೇ ಇತ್ತು: ಗೋಡೆಯೊಳಗಿನ ಪೈಪನ್ನು ಇಂಜಿನಿಯರ್ ಎದುರಿಗೆ ನೀರು ತುಂಬಿಸಿ ಪರೀಕ್ಷೆ ಮಾಡಬೇಕು, ಆಮೇಲೆ ಗಾರೆ ಹಾಕಬೇಕು.

ಆ ಗುರುವಾರ ಬೆಳಿಗ್ಗೆ ಫೋನ್ ಮಾಡಿದರು. ಪೈಪ್ ಜೋಡಿಸಿ ಆಗಿತ್ತು. ಇಂಜಿನಿಯರ್ ಮೇಡಂ ಎರಡು ಗಂಟೆಗೆ ಬರುವವರಿದ್ದರು, ಪರೀಕ್ಷೆ ಮುಗಿದ ಕೂಡಲೇ ಗಾರೆ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಒಂದೂವರೆಯಿಂದ ಮೂರು ರಾಹುಕಾಲ. ಅವರು ಕೇಳಿರಲಿಲ್ಲ, ನಾನೇ ಬಾಯಿ ಹಾಕಿದೆ.

"ಮೊದಲನೇ ಕೆಲಸ ಕಣ್ರೀ, ರಾಹುಕಾಲದಲ್ಲಿ ಗಾರೆ ಶುರು ಮಾಡೋದು ಬೇಡ. ಒಂದು ಗಂಟೆಗೆ ಶಾಸ್ತ್ರಕ್ಕೆ ಒಂದು ಕರಣೆ ಗಾರೆ ಹಾಕಿಸಿಬಿಡಿ. ಮಿಕ್ಕಿದ್ದು ಮೇಡಂ ಬಂದು ನೋಡಿದ ಮೇಲೆ."

ನಮ್ಮ ಮನೆಯಲ್ಲಿ ಎಲ್ಲದಕ್ಕೂ ಹಾಗೆ ಮಾಡುತ್ತೇವೆ. ಶುರುವಾದ ಕೆಲಸ ಮುಂದುವರಿಸಲು ದೋಷವಿಲ್ಲ.

ಎರಡೂವರೆಗೆ ಮತ್ತೆ ಫೋನ್ ಬಂತು. "ಮುಚ್ಬುಟ್ಟವ್ನೆ ಅಮ್ಮಾವ್ರೆ. ಎರಡು ಬಚ್ಚಲೂ ಮುಚ್ಬುಟ್ಟವ್ನೆ." ಇವರು ಪರೀಕ್ಷೆಯ ಪಂಪು ತರಲು ಹೋಗಿದ್ದಾಗ ಗಾರೆಯವನು ಒಂದು ಕರಣೆಗೆ ನಿಲ್ಲಿಸಿರಲಿಲ್ಲ.

ಆಟೋ ಹಿಡಿದು ಹೋದೆ. ಆಟೋ ಬೇಗ ಸಿಕ್ಕಿತು, ಅಷ್ಟರಮಟ್ಟಿಗೆ ಪುಣ್ಯ. ಬಚ್ಚಲಿನ ಬಾಗಿಲಲ್ಲಿ ಗಾರೆಯವನು ಕೈ ಒರೆಸಿಕೊಳ್ಳುತ್ತಾ ನಿಂತಿದ್ದ.

"ಒಂದೇ ಕರಣೆ ಅಂದಿದ್ದೆನಲ್ಲಪ್ಪ," ಎಂದೆ.

"ಒಂದ್ ಕರಣೆಗೆ ಯಾರಾದ್ರೂ ಸಿಮೆಂಟ್ ಕಲಸ್ತಾರಾ? ಒಂದ್ ಬಾಂಡ್ಲಿ ಕಲಸಿದ್ದೆ, ಗಟ್ಟಿ ಆಯ್ತಾ ಬಂತು. ಸಿಮೆಂಟ್‌ಗೆ ರಾಹುಕಾಲ ಗೊತ್ತಾಯ್ತದಾ ಅಮ್ಮಾವ್ರೆ?"

ಇಂಜಿನಿಯರ್ ನನ್ನ ಮಗಳ ವಯಸ್ಸಿನ ಹುಡುಗಿ. ಹಸಿ ಗೋಡೆಯನ್ನೇ ನೋಡುತ್ತಿದ್ದಳು. "ಮುಚ್ಚಿದ್ಮೇಲೆ ನಾನೇನ್ ನೋಡ್ಲಿ? ಹೀಗೆ ಮಾಡಿದ್ರೆ ಸರ್ಟಿಫಿಕೇಟ್ ಹೇಗೆ ಕೊಡೋದು?"

"ತಪ್ಪು ನಂದಮ್ಮ. ನಾನೇ ಹೇಳಿದ್ದು."

"ನೀವ್ಯಾರು?"

"ಇವರ ಕಾಗದಪತ್ರ ನೋಡಿಕೊಳ್ಳೋಳು."

"ಕಂಟ್ರಾಕ್ಟ್‌ನಲ್ಲಿ ನಿಮ್ಮ ಹೆಸ್ರೇ ಇಲ್ವಲ್ಲಮ್ಮ. ಇವ್ರದ್ದೇ ತಪ್ಪು ಅಂತ ಬರೀಬೇಕು ನಾನು."

ಪ್ಲಂಬರ್ ನನ್ನ ಕಡೆ ನೋಡಲಿಲ್ಲ. ಉಳಿ, ಸುತ್ತಿಗೆ ತೆಗೆದುಕೊಂಡು ತಾವೇ ಗೋಡೆ ಬಿಡಿಸತೊಡಗಿದರು. ಪೈಪಿಗೆ ಏಟು ಬೀಳದ ಹಾಗೆ ಸಣ್ಣಸಣ್ಣ ಪೆಟ್ಟು. ಗಾರೆ ಇನ್ನೂ ಹಸಿಯಿತ್ತು, ಚಕ್ಕೆಯಾಗಿ ಬಿದ್ದು ನನ್ನ ಚಪ್ಪಲಿಯ ಮೇಲೆ ಕೂತಿತು. ನನಗೆ ನಾಚಿಕೆಯಾಗಬೇಕಿತ್ತು, ಭಯವಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಬಂದು ಯಜಮಾನರ ವಿಷಯ ಹೇಳಿದಾಗಲೂ ಹೀಗೇ ನಿಂತಿದ್ದೆ.

ಪೈಪ್ ಪೂರ್ತಿ ಕಾಣಿಸುವ ಹೊತ್ತಿಗೆ ನಾಲ್ಕಾಗಿತ್ತು. ನೀರು ತುಂಬಿಸಿ ಪಂಪು ಒತ್ತಿದರು, ಮೀಟರಿನ ಮುಳ್ಳು ಏರಿ ನಿಂತಿತು. ಅದು ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಎರಡು ಗಂಟೆ ಕಾಯಬೇಕು. ಮೇಡಂ ಹೋಗಲಿಲ್ಲ, ಕಾದಳು. ನಾನು ಮನಸ್ಸಿನಲ್ಲೇ ಸಹಸ್ರನಾಮ ಶುರುಮಾಡಿ ನಡುವೆ ಎಲ್ಲೋ ಮರೆತೆ. ಮುಳ್ಳು ಇಳಿಯಲಿಲ್ಲ. ಅವಳು ಫೋಟೋ ತೆಗೆದುಕೊಂಡು, ಕೆಲಸದ ಪುಸ್ತಕದಲ್ಲಿ ಬರೆದಳು: ಅನುಮತಿಯಿಲ್ಲದೆ ಮುಚ್ಚಲಾಗಿತ್ತು, ಬಿಡಿಸಿ ಪರೀಕ್ಷಿಸಲಾಯಿತು, ಸೋರಿಕೆಯಿಲ್ಲ.

ಆ ಮೊದಲ ಮಾತು ಸರ್ಟಿಫಿಕೇಟಿಗೂ ಬಂದರೆ ಇವರಿಗೆ ಮುಂದೆ ಯಾರು ಕೆಲಸ ಕೊಡುತ್ತಾರೆ ಎಂಬ ಚಿಂತೆಯಲ್ಲೇ ಎರಡು ತಿಂಗಳು ಕಾದೆವು. ಆ ಎರಡು ತಿಂಗಳಲ್ಲಿ ಅವರು ಒಮ್ಮೆಯೂ ನನ್ನನ್ನು ದೂರಲಿಲ್ಲ. ಅದನ್ನೂ ನಾನು ಉಪಕಾರಗಳ ಲೆಕ್ಕದಲ್ಲಿ ಎಣಿಸಿಟ್ಟುಕೊಂಡಿದ್ದೇನೆ.

ಸರ್ಟಿಫಿಕೇಟ್ ಬಂದ ದಿನ ಬಾಗಿಲಲ್ಲೇ ಚಾಚಿದರು. "ಓದಿ ಅಮ್ಮಾವ್ರೆ, ನಾನಿನ್ನೂ ನೋಡಿಲ್ಲ."

ಓದಿದೆ. ಅವರ ಹೆಸರು, ತಂದೆಯ ಹೆಸರು, ಊರು. ಕೆಲಸದ ಗುಣಮಟ್ಟ: ತೃಪ್ತಿಕರ. ಗೋಡೆಯ ಮಾತು ಇರಲಿಲ್ಲ.

"ತೃಪ್ತಿಕರ ಅಂದ್ರೆ ಸಾಕಾ?"

"ಧಾರಾಳ ಸಾಕು."

"ಹೆಸ್ರು ಇನ್ನೊಂದ್ ಸಲ ಓದಿ."

ಇನ್ನೊಂದು ಸಲ ಓದಿದೆ. ಫೈಲಿಗೆ ಸೇರಿಸಲು ತೂತು ಹಾಕುವ ಮಿಷನ್ನಿಗೆ ಕೈ ಹಾಕಿದಾಗ ಅವರು ಕಾಗದವನ್ನು ಎಳೆದುಕೊಂಡರು.

"ತೂತ್ ಮಾತ್ರ ಹಾಕ್ಬ್ಯಾಡಿ ಕಣಮ್ಮ."

ಪ್ಲಾಸ್ಟಿಕ್ ಕವರ್ ಹುಡುಕಲು ನಾನು ಒಳಗೆ ಹೋದೆ.